ವ್ಯವಹಾರದಲ್ಲಿ ಸನ್ನೆಯ ಪ್ರಾಮಾಣ್ಯ: ಚಂದ್ರಗುತ್ತಿ ಸೀಮೆಯನ್ನು ಕುರಿತ ಒಂದು ವಿಚಾರ

ಶಿವಮೊಗ್ಗ ಜಿಲ್ಲೆಯ ಸೊರಬ ತಾಲ್ಲೂಕಿನಲ್ಲಿರುವ ಚಂದ್ರಗುತ್ತಿಯು ರೇಣುಕಾಂಬೆಯ ಕ್ಷೇತ್ರವೆಂದು ಜನರಿಗೆ ಪರಿಚಿತವಾಗಿದೆ. ಇತಿಹಾಸಜ್ಞರಿಗಾದರೋ ಅದು ಬನವಾಸಿ ನಾಡಿನ ಮುಖ್ಯ ದುರ್ಗಗಳಲ್ಲೊಂದೆಂದೂ, ವಿಜಯನಗರದ ಅರಸರ ಕಾಲದಲ್ಲಿ ಗುತ್ತಿಯ ರಾಜ್ಯದ ರಾಜಧಾನಿಯೆಂದೂ ಪ್ರಸಿದ್ಧವಾಗಿರುವುದಷ್ಟೆ. ಹರಿಹರನ ತಮ್ಮನಾದ ಮಾರಪ್ಪನು ಇಲ್ಲಿಂದ ರಾಜ್ಯಭಾರ ಮಾಡುತ್ತಿದ್ದನೆಂದು ೧೩೪೭ರ ಶಾಸನವೊಂದರಿಂದ ತಿಳಿದುಬರುತ್ತದೆ. ನೆರೆಯ ಶಿಕಾರಿಪುರ ತಾಲ್ಲೂಕಿನ ಬಳ್ಳಿಗಾವೆಯು ಅದಕ್ಕೂ ಹಿಂದೆ, ಚಾಲುಕ್ಯರ ಆಳಿಕೆಯಲ್ಲಿ, ಬನವಾಸಿ ಪನ್ನಿರ್ಛಾಸಿರಕ್ಕೆ ರಾಜಧಾನಿಯಾಗಿದ್ದಿತು. ಈ ಸೀಮೆಯ ಶಾಸನಗಳಲ್ಲಿ ಕಂಡುಬರುವ ದಾನದತ್ತಿಗಳನ್ನೂ ಯುದ್ಧಗಳನ್ನೂ ಮಠಮಾನ್ಯಗಳನ್ನೂ ಕುರಿತು ವಿದ್ವಾಂಸರು ಬೇಕಾದಷ್ಟು ವಿಚಾರಮಾಡಿರುವರು. ಆದರೆ ಮಾತು ಬಾರದವರ ಮತ್ತು ಕಿವಿ ಕೇಳದವರ ವಿಷಯದಲ್ಲಿ ಆ ಕಾಲದ ಸಮಾಜವೂ ಧರ್ಮಶಾಸ್ತ್ರವೂ ಎಂತಹ ಭಾವವನ್ನು ತಳೆದಿದ್ದುವು, ಅವರ ಸನ್ನೆಗೆ ಧರ್ಮಸಭೆಯಲ್ಲಿ ಮಾತಿನ ಬೆಲೆಯಿದ್ದಿತೇ, ಇಂದಿನ ನ್ಯಾಯಾಲಯಗಳಲ್ಲಿ ಅದಕ್ಕೆ ದೊರೆತಿರುವ ಸ್ಥಾನವೆಂತಹುದು ಎಂಬ ಪ್ರಶ್ನೆಗಳು ಅಷ್ಟಾಗಿ ವಿಚಾರಕ್ಕೆ ಬಂದಂತೆ ತೋರುವುದಿಲ್ಲ. ಪ್ರಕೃತ ಲೇಖನದಲ್ಲಿ ಇವುಗಳೇ ವಿಷಯ.

ಇಲ್ಲಿ ಮೂಕ, ಬಧಿರ ಮೊದಲಾದ ಶಬ್ದಗಳು ಶಾಸ್ತ್ರಗ್ರಂಥಗಳಲ್ಲಿ ಬಂದಿರುವ ಅರ್ಥದಲ್ಲಿಯೇ ಪ್ರಯುಕ್ತವಾಗಿವೆ. ಅವುಗಳಲ್ಲಿ ನಿಂದೆಯ ಅಭಿಪ್ರಾಯವು ಸರ್ವಥಾ ಇಲ್ಲವೆಂದು ವಾಚಕರು ತಿಳಿಯತಕ್ಕದ್ದು.

೧. ಬಳ್ಳಿಗಾವೆಯ ಶಾಸನ

ಬಳ್ಳಿಗಾವೆಯ ಕೇದಾರೇಶ್ವರಕ್ಕೆ ಸೇರಿದ ಕೋಡಿಯ ಮಠವನ್ನು ವರ್ಣಿಸುವ ೧೧೬೨ನೆಯ ವರ್ಷದ ಶಾಸನವು ಕರ್ಣಾಟಕದ ವಿದ್ಯಾಸ್ಥಾನಗಳ ಚರಿತ್ರೆಯಲ್ಲಿ ಬಹು ಪ್ರಸಿದ್ಧವಾದುದು. ಬಿಜ್ಜಳನ ಕಾಲದ ಈ ಶಾಸನದಲ್ಲಿ ಮಠವು ನಾಲ್ಕು ವೇದಗಳ ಅಧ್ಯಯನಕ್ಕೂ, ಕೌಮಾರ ಪಾಣಿನೀಯಾದಿ ವ್ಯಾಕರಣಗಳ ವ್ಯಾಖ್ಯಾನಕ್ಕೂ, ನ್ಯಾಯ ವೈಶೇಷಿಕ ಮೀಮಾಂಸಾದಿ ದರ್ಶನಗಳಿಗೂ, ಪುರಾಣ ಧರ್ಮಶಾಸ್ತ್ರ ಕಾವ್ಯ ನಾಟಕಗಳಿಗೂ ನೆಲೆಯಾಗಿದ್ದಿತೆಂದು ಹೇಳಿದೆ. ಅದೇ ವರ್ಣನೆಯಲ್ಲಿ ಮುಂದೆ, ದೀನರು, ಅನಾಥರು, ಕುಂಟರು, ಕುರುಡರು, ಕಿವುಡರು ಇವರಿಗೆ ತಡೆಯಿಲ್ಲದೆ ಅನ್ನವನ್ನಿಕ್ಕುವ ಸ್ಥಾನವದು ಎಂದೂ, ದಿಕ್ಕಿಲ್ಲದ ರೋಗಿಗಳಿಗೆ ಔಷಧವನ್ನು ಕೊಡುವ ಸ್ಥಾನವೆಂದೂ, ಸಕಲ ಪ್ರಾಣಿಗಳಿಗೆ ಅಭಯವನ್ನೀಯುವ ಸ್ಥಾನವೆಂದೂ ಹೇಳಿದೆ. ಕಥೆಗಾರರು, ಗಾಯಕರು, ವಾದಕರು, ನರ್ತಕರು, ನಾನಾ ಪಂಥದ ಸಂನ್ಯಾಸಿಗಳು ಇವರೆಲ್ಲರೂ ಕಿವುಡರೊಡನೆ ಒಂದೇ ಸಾಲಿನಲ್ಲಿ ಗಣಿತರಾಗಿದ್ದಾರೆ.

ಈ ಔದಾರ್ಯವು ಶ್ಲಾಘ್ಯವಾದುದೆಂಬುದರಲ್ಲಿ ಸಂದೇಹವಿಲ್ಲ. ಆದರೂ ಶಾಸನವು ಹೇಳುವುದೇನೆಂಬುದನ್ನು ಮಾತ್ರವಲ್ಲದೆ ಅದರ ಮೇರೆಯನ್ನೂ ಗಮನಿಸಬೇಕು. ಕಿವುಡನು ಇಲ್ಲಿ ಅನ್ನದ ಭಾಜನನು. ವಿದ್ಯೆಯನ್ನು ಕೇಳುವ ಸ್ಥಾನವು ಬೇರೆ, ಅನ್ನವನ್ನು ಪಡೆಯುವ ಸ್ಥಾನವು ಬೇರೆಯಾಗಿ ವರ್ಣಿತವಾಗಿವೆ. ಪೋಷಣೆಯು ಒಂದು ಹಕ್ಕಾದರೆ, ತನ್ನ ಅಭಿಪ್ರಾಯವನ್ನು ತನಗೆ ಒಪ್ಪುವ ರೀತಿಯಲ್ಲಿ ತಿಳಿಸುವುದು ಮತ್ತೊಂದು ಹಕ್ಕು. ಮೊದಲನೆಯದಿದ್ದ ಮಾತ್ರಕ್ಕೆ ಎರಡನೆಯದಿದ್ದಿತೆಂದು ಹೇಳಲಾಗುವುದಿಲ್ಲ. ಅದಕ್ಕಾಗಿ ಆ ಮಠದಲ್ಲಿಯೇ ವ್ಯಾಖ್ಯಾತವಾಗುತ್ತಿದ್ದ ಧರ್ಮಶಾಸ್ತ್ರವನ್ನು ನೋಡತಕ್ಕದ್ದು.

೨. ಮಿತಾಕ್ಷರೆಯ ಮತ

ಈ ಸೀಮೆಯು ಚಾಲುಕ್ಯ ವಿಕ್ರಮಾದಿತ್ಯನ (೧೦೭೬–೧೧೨೬) ರಾಜ್ಯದಲ್ಲಿದ್ದಾಗ ಅವನ ರಾಜಧಾನಿಯಾದ ಕಲ್ಯಾಣದಲ್ಲಿ ವಿಜ್ಞಾನೇಶ್ವರನು ಯಾಜ್ಞವಲ್ಕ್ಯಸ್ಮೃತಿಗೆ ಮಿತಾಕ್ಷರೆಯೆಂಬ ವ್ಯಾಖ್ಯಾನವನ್ನು ರಚಿಸಿದನು. ಭಾರತದ ಬಹುಭಾಗದಲ್ಲಿ ದಾಯಭಾಗದ ವ್ಯವಹಾರಗಳನ್ನು ನಿರ್ಣಯಿಸಿದ ಗ್ರಂಥವಿದು; ಕನ್ನಡನಾಡಿನಲ್ಲಿ ಹುಟ್ಟಿ ಲೋಕವ್ಯಾಪಿಯಾದುದು.

ಮನುವು ಹುಟ್ಟುಕುರುಡ, ಕಿವುಡ, ಉನ್ಮತ್ತ, ಜಡ, ಮೂಕ ಇವರೇ ಮೊದಲಾದವರನ್ನು ಪಿತ್ರಾರ್ಜಿತದಲ್ಲಿ ಭಾಗವಿಲ್ಲದವರೆಂದು ಗಣಿಸಿದ್ದಾನೆ. ಯಾಜ್ಞವಲ್ಕ್ಯನು ಮೂಕಬಧಿರರ ಹೆಸರನ್ನು ಎತ್ತದಿದ್ದರೂ ಆದಿಶಬ್ದವನ್ನಿಟ್ಟಿರುವುದರಿಂದ ವ್ಯಾಖ್ಯಾನಕಾರರು ಅವರನ್ನೂ ಅದರಲ್ಲಿ ಸೇರಿಸುತ್ತಾರೆ. ಕೌಟಿಲ್ಯನ ಪಟ್ಟಿಯಲ್ಲಿ ಜಡ, ಉನ್ಮತ್ತ, ಅಂಧ, ಕುಷ್ಠಿಗಳಿದ್ದಾರೆಯೇ ಹೊರತು ಮೂಕನ ಹೆಸರಿಲ್ಲವೆಂಬುದು ಗಮನಾರ್ಹವಾಗಿದೆ. ಹೀಗೆ ಭಾಗವನ್ನು ಕಳೆದುಕೊಂಡವರಿಗೆ ಜೀವಿತಾವಧಿಯ ಅನ್ನವಸ್ತ್ರಗಳನ್ನು ಕೊಡಲೇಬೇಕು, ಕೊಡದವನು ಪತಿತನಾಗುವನು ಎಂದು ಸ್ಮೃತಿಗಳು ಕಟ್ಟುಮಾಡಿವೆ. ಅವರ ಮಕ್ಕಳು ನಿರ್ದೋಷಿಗಳಾಗಿದ್ದರೆ ಭಾಗಕ್ಕೆ ಅರ್ಹರು. ಹೆಣ್ಣುಮಕ್ಕಳನ್ನು ಮದುವೆಯಾಗುವವರೆಗೆ ಸಲಹತಕ್ಕದ್ದು. ವಿಭಾಗಕ್ಕೆ ಮೊದಲೇ ಇದ್ದ ದೋಷವು ಮಾತ್ರ ಭಾಗವನ್ನು ತಪ್ಪಿಸುತ್ತದೆ, ವಿಭಾಗವಾದ ಮೇಲೆ ಬಂದುದು ತಪ್ಪಿಸುವುದಿಲ್ಲ. ವಿಭಾಗಾನಂತರ ಔಷಧಾದಿಗಳಿಂದ ದೋಷವು ಹೋದರೆ ಅವನಿಗೆ ಭಾಗವು ಬರತಕ್ಕದ್ದೇ ಎಂದು ವಿಜ್ಞಾನೇಶ್ವರನು ಹೇಳಿರುವುದು ಅವನ ದಯಾಪರತೆಯನ್ನು ತೋರಿಸುತ್ತದೆ.

ಆದರೆ ಮೂಕನಿಗೆ ಭಾಗವೇಕಿಲ್ಲ? ಇದಕ್ಕೆ ಕಾರಣವನ್ನು ಹುಡುಕಹೊರಟವರು ಸಾಮಾನ್ಯವಾಗಿ ಪೂರ್ವಮೀಮಾಂಸೆಯ ಆರನೆಯ ಅಧ್ಯಾಯಕ್ಕೆ ಬರುತ್ತಾರೆ. ಪರಿಹಾರವಿಲ್ಲದ ಅಂಗವೈಕಲ್ಯವುಳ್ಳವನಿಗೆ ಯಜ್ಞದಲ್ಲಿ ಅಧಿಕಾರವಿಲ್ಲವೆಂಬುದು ಅಲ್ಲಿಯ ಸಿದ್ಧಾಂತ. ಕುರುಡನು ಆಜ್ಯವನ್ನು ನೋಡಲಾರನು, ಕುಂಟನು ವಿಷ್ಣುಕ್ರಮಗಳನ್ನು ಇಡಲಾರನು. ಈ ನ್ಯಾಯದಿಂದ ಮೂಕನು ಮಂತ್ರವನ್ನು ಉಚ್ಚರಿಸಲಾರನು. ದ್ರವ್ಯವು ಯಜ್ಞಾರ್ಥವಾಗಿ ಹುಟ್ಟಿದುದಾದರೆ, ಯಜ್ಞಾಧಿಕಾರವಿಲ್ಲದವನಿಗೆ ದ್ರವ್ಯದಲ್ಲಿ ಅಧಿಕಾರವಿಲ್ಲದಿರುವುದು ಯುಕ್ತವೇ ಆಗುವುದು.

ಇಲ್ಲಿಯೇ ಒಂದು ತೊಡಕಿದೆ. ದ್ರವ್ಯವೆಲ್ಲವೂ ಯಜ್ಞಾರ್ಥವೆಂಬ ಪಕ್ಷವನ್ನು ಖಂಡಿಸಿದವರಲ್ಲಿ ಮಿತಾಕ್ಷರಾಕಾರನೇ ಅಗ್ರಗಣ್ಯನು. ಸ್ವತ್ವವು ಲೌಕಿಕವಾದುದೆಂದೂ, ದಾನ ಭೋಗಾದಿಗಳಿಗೂ ದ್ರವ್ಯವು ಸಾಧನವೆಂದೂ ವಾದಿಸಿ, ಅಪುತ್ರನ ಪತ್ನಿಗೆ ದಾಯಾಧಿಕಾರವನ್ನು ಅವನು ಸ್ಥಾಪಿಸಿದ್ದಾನೆ. ಹೀಗಿರಲು, ಅದೇ ಯುಕ್ತಿಯಿಂದ ಮೂಕನ ಅನರ್ಹತೆಗೂ ಹೇತುವಿಲ್ಲದಂತಾಗುತ್ತದೆ. ಮಂತ್ರೋಚ್ಚಾರಣೆಯಿಲ್ಲದೆಯೇ ಉಣ್ಣಬಹುದು, ಉಡಬಹುದು, ದಾನಮಾಡಬಹುದು. ಆದುದರಿಂದ ಮಿತಾಕ್ಷರೆಯಲ್ಲಿ ಈ ನಿಷೇಧವು ವಚನಬಲದಿಂದ ನಿಂತಿದೆಯೇ ಹೊರತು ಯುಕ್ತಿಬಲದಿಂದಲ್ಲ ಎಂದು ಹೇಳಬೇಕಾಗುತ್ತದೆ. ಎಂಟುನೂರು ವರ್ಷಗಳ ತರುವಾಯ ಶಾಸನಸಭೆಗಳು ಇದನ್ನು ತೆಗೆದುಹಾಕಿದಾಗ ಮಿತಾಕ್ಷರೆಯ ಮೂಲತತ್ತ್ವಕ್ಕೆ ಹಾನಿಯಾಗಲಿಲ್ಲವೆಂಬುದು ಇದರಿಂದ ಸ್ಪಷ್ಟವಾಗುತ್ತದೆ.

೩. ಚಂದ್ರಗುತ್ತಿಯ ಮಾಧವಮಂತ್ರಿ ಮತ್ತು ಪರಾಶರಮಾಧವೀಯ

ಚಂದ್ರಗುತ್ತಿಯ ಪ್ರಾಂತವನ್ನಾಳಿದ ಮಾಧವಮಂತ್ರಿಯೂ ಪರಾಶರಮಾಧವೀಯವನ್ನು ರಚಿಸಿದ ಮಾಧವಾಚಾರ್ಯರೂ ಒಬ್ಬರೇ ಎಂದು ಹಿಂದೆ ಕೆಲವರು ಭಾವಿಸಿದ್ದರು. ಮಂತ್ರಿಯು ಆಂಗಿರಸಗೋತ್ರದವನು, ಚೌಂಡನ ಮಗನು, ಕಾಶೀವಿಲಾಸ ಕ್ರಿಯಾಶಕ್ತಿಯ ಶಿಷ್ಯನು. ಆಚಾರ್ಯರಾದರೋ ಭಾರದ್ವಾಜಗೋತ್ರದವರು, ಮಾಯಣನ ಮಕ್ಕಳು, ಸಾಯಣನ ಅಣ್ಣಂದಿರು. ಇವರಿಬ್ಬರೂ ಬೇರೆಬೇರೆಯೆಂದು ಆರ್. ನರಸಿಂಹಾಚಾರ್ಯರು ಶಾಸನಾಧಾರಗಳಿಂದ ಸಿದ್ಧಪಡಿಸಿದ್ದಾರೆ. ಆದರೂ ಇಬ್ಬರೂ ಒಂದೇ ಕಾಲದವರು, ಒಂದೇ ರಾಜ್ಯದ ಸೇವೆಯಲ್ಲಿದ್ದವರು. ಪರಾಶರಸ್ಮೃತಿಯಲ್ಲಿ ಇಲ್ಲದ ವ್ಯವಹಾರಕಾಂಡವನ್ನು ಆಚಾರ್ಯರು ತಮ್ಮ ಗ್ರಂಥದಲ್ಲಿ ಸೇರಿಸಿ ವಿಸ್ತರಿಸಿರುವುದಕ್ಕೆ, ರಾಜ್ಯನಿರ್ವಾಹಕ್ಕೆ ಅದು ಅವಶ್ಯಕವಾಗಿದ್ದುದೇ ಕಾರಣವೆಂದು ಊಹಿಸಿದರೆ ತಪ್ಪಾಗಲಾರದು. ಗುತ್ತಿಯ ಧರ್ಮಸಭೆಯಲ್ಲಿಯೂ ಇಂತಹ ನಿಬಂಧಗಳ ಮರ್ಯಾದೆಯೇ ನಡೆಯುತ್ತಿದ್ದಿರಬೇಕು.

ಆ ಮರ್ಯಾದೆಯಂತೆ ಮೂಕನಾದವನು ಸಭೆಗೆ ಬಂದರೆ ಏನಾಗುತ್ತಿದ್ದಿತು? ವಿಕಲೇಂದ್ರಿಯನನ್ನು ಯಾಜ್ಞವಲ್ಕ್ಯನು ಸಾಕ್ಷಿಯಾಗಲು ಅನರ್ಹರಾದವರ ಪಟ್ಟಿಯಲ್ಲಿಟ್ಟಿದ್ದಾನೆ. ಆದರೆ ಕಳವು, ಪಾರುಷ್ಯ, ಸಾಹಸ, ಸ್ತ್ರೀಸಂಗ್ರಹಣ ಈ ವಿಷಯಗಳಲ್ಲಿ ಎಲ್ಲರೂ ಸಾಕ್ಷಿಗಳಾಗಬಹುದೆಂದು ಮುಂದೆ ಅವನೇ ಹೇಳಿರುವುದರಿಂದ, ಘೋರಾಪರಾಧಗಳಲ್ಲಿ ಬಾಗಿಲು ಪೂರ್ತಿಯಾಗಿ ಮುಚ್ಚಿರಲಿಲ್ಲ. ವಾದಿಪ್ರತಿವಾದಿಗಳ ವಿಷಯದಲ್ಲಾದರೋ, ತಾನಾಗಿ ವಾದಿಸಲಾರದ ಜಡ, ವೃದ್ಧ, ಬಾಲ, ರೋಗಿ ಮೊದಲಾದವರ ಪರವಾಗಿ ಬಂಧುವಾಗಲಿ ನಿಯುಕ್ತನಾದ ಮತ್ತೊಬ್ಬನಾಗಲಿ ಪೂರ್ವೋತ್ತರಗಳನ್ನು ಹೇಳಬಹುದೆಂಬ ಸ್ಮೃತಿವಚನವನ್ನು ನಿಬಂಧಕಾರರು ಎತ್ತಿಕೊಂಡಿದ್ದಾರೆ. ಅಂಗಹೀನನನ್ನು ಹಳಿದವನಿಗೆ, ಅವನು ಆಡಿದ್ದು ನಿಜವಾಗಿದ್ದರೂ ಸುಳ್ಳಾಗಿದ್ದರೂ ವ್ಯಾಜಸ್ತುತಿಯಾಗಿದ್ದರೂ, ಹನ್ನೆರಡೂವರೆ ಪಣಗಳ ದಂಡವನ್ನು ಯಾಜ್ಞವಲ್ಕ್ಯನು ವಿಧಿಸಿದ್ದಾನೆ.

ಇವೆಲ್ಲವನ್ನೂ ಒಟ್ಟಿಗೆ ನೋಡಿದರೆ ಪ್ರಾಚೀನ ವ್ಯವಸ್ಥೆಯ ಸ್ವರೂಪವು ತಿಳಿಯುತ್ತದೆ. ಇತರರ ಮಾತಿನಿಂದ ಮೂಕನಿಗೆ ನೋವಾಗದಂತೆ ಅದು ನೋಡಿಕೊಂಡಿತು. ಇತರರ ಬಾಯಿಂದ ಅವನ ವ್ಯಾಜ್ಯವನ್ನು ಕೇಳಿತು. ಅವನ ಹೊಟ್ಟೆಬಟ್ಟೆಗೆ ಹೊಣೆಗಾರರನ್ನು ಗೊತ್ತುಮಾಡಿತು. ಅವನ ಕೈಯೇ ಅವನ ಮಾತೆಂದು ಮಾತ್ರ ಎಲ್ಲಿಯೂ ವಿಧಿಸಲಿಲ್ಲ. ಒಬ್ಬನಿಗಾಗಿ ಮಾತನಾಡುವುದು ಬೇರೆ, ಅವನ ಮಾತನ್ನೇ ತಂದೊಪ್ಪಿಸುವುದು ಬೇರೆ. ಪ್ರತಿನಿಧಿಯು ತನಗೆ ಹಿತವೆಂದು ತೋರಿದುದನ್ನು ಹೇಳುತ್ತಾನೆ. ದುಭಾಷಿಯು ಹೇಳಿದುದನ್ನೇ ಹೇಳಬೇಕು. ಭಾಗವಿಲ್ಲದ ಮೂಕನ ಪ್ರತಿನಿಧಿಯು ಹಲವು ವೇಳೆ ಭಾಗವುಳ್ಳ ದಾಯಾದಿಯೇ ಆಗಿರಬಹುದೆಂಬುದನ್ನು ನೆನೆದರೆ ಈ ಭೇದದ ಗುರುತ್ವವು ತಿಳಿಯದಿರದು.

೪. ಶಬ್ದಶಾಸ್ತ್ರದಲ್ಲಿ ಚೇಷ್ಟೆ

ವ್ಯವಹಾರಶಾಸ್ತ್ರವು ಹೀಗೆ ಸುಮ್ಮನಿದ್ದರೂ ಅರ್ಥವಿಚಾರಕ್ಕೆ ಹೊರಟ ಇತರ ಶಾಸ್ತ್ರಗಳು ಸುಮ್ಮನಿರಲಿಲ್ಲ. ಶಬ್ದಪ್ರಯೋಗವಿಲ್ಲದೆಯೇ ಕಣ್ಣಿನ ಸಂಕೋಚದಿಂದಲೂ ಕೈಯ ಚಲನೆಯಿಂದಲೂ ಎಷ್ಟೋ ಅರ್ಥಗಳು ತಿಳಿಯುತ್ತವೆಂದು ಪತಂಜಲಿಯು ಮಹಾಭಾಷ್ಯದಲ್ಲಿ ಒಪ್ಪಿದ್ದಾನೆ. ವೈಶೇಷಿಕಾಚಾರ್ಯನಾದ ಪ್ರಶಸ್ತಪಾದನು, ಅಭಿನಯಸಂಕೇತವನ್ನು ಬಲ್ಲವನಿಗೆ ಚೇಷ್ಟೆಯಿಂದ ಜ್ಞಾನವುಂಟಾಗುವುದನ್ನು ಅಂಗೀಕರಿಸಿ, ಅದನ್ನು ಅನುಮಾನದಲ್ಲಿ ಅಂತರ್ಭಾವಗೊಳಿಸಿದ್ದಾನೆ. ಅವನ ಮತದಲ್ಲಿ ಶಬ್ದವೂ ಅನುಮಾನದಲ್ಲಿಯೇ ಅಂತರ್ಭೂತವಾದುದರಿಂದ, ಪ್ರಮಾಣದ ದೃಷ್ಟಿಯಲ್ಲಿ ಮಾತೂ ಸನ್ನೆಯೂ ಒಂದೇ ಪಂಕ್ತಿಯಲ್ಲಿ ಕುಳಿತಂತಾಯಿತು. ಭರತನ ನಾಟ್ಯಶಾಸ್ತ್ರವು ಇಪ್ಪತ್ತನಾಲ್ಕು ಅಸಂಯುತ ಹಸ್ತಗಳನ್ನೂ ಹದಿಮೂರು ಸಂಯುತ ಹಸ್ತಗಳನ್ನೂ ವಿನಿಯೋಗಸಹಿತವಾಗಿ ಹೇಳುತ್ತದೆ. ವಾತ್ಸ್ಯಾಯನನ ಅರುವತ್ತನಾಲ್ಕು ಕಲೆಗಳಲ್ಲಿ ಬೆರಳುಗಳಿಂದ ಅಕ್ಷರಗಳನ್ನು ತೋರಿಸುವ ಅಕ್ಷರಮುಷ್ಟಿಕಾಕಥನವೂ ಒಂದು. ಕೋಡಿಯ ಮಠದಲ್ಲಿ ಪಾಣಿನೀಯವೂ ವೈಶೇಷಿಕವೂ ವ್ಯಾಖ್ಯಾತವಾಗುತ್ತಿದ್ದುವೆಂಬುದನ್ನು ಮೇಲೆ ಹೇಳಿದೆಯಷ್ಟೆ. ಸನ್ನೆಯು ಅರ್ಥವನ್ನು ತಿಳಿಸುತ್ತದೆಂಬ ತತ್ತ್ವವೂ, ಸನ್ನೆಯಿಂದಲೇ ಅನ್ನವನ್ನು ಬೇಡುತ್ತಿದ್ದ ಕಿವುಡನೂ ಒಂದೇ ಪ್ರಾಕಾರದೊಳಗಿದ್ದರೂ, ಒಂದನ್ನು ಮತ್ತೊಂದಕ್ಕೆ ಅನ್ವಯಿಸಿದಂತೆ ಕಾಣುವುದಿಲ್ಲ.

ಇದಕ್ಕಿಂತಲೂ ವಿಚಿತ್ರವಾದುದೊಂದಿದೆ. ವಾದಿಪ್ರತಿವಾದಿಗಳ ಸ್ವರ, ಬಣ್ಣ, ಇಂಗಿತ, ಆಕಾರ, ಕಣ್ಣು, ಚೇಷ್ಟೆಗಳಿಂದ ಅವರ ಒಳಮನಸ್ಸನ್ನು ರಾಜನು ಅರಿಯಬೇಕೆಂದು ಮನುವು ಹೇಳಿದ್ದಾನೆ. ಸುಳ್ಳು ಹೇಳುವವನ ಶರೀರಲಕ್ಷಣಗಳನ್ನು ಯಾಜ್ಞವಲ್ಕ್ಯನು ಎಣಿಸಿದ್ದಾನೆ. ಮಾತನಾಡುವವನ ಸುಳ್ಳನ್ನು ಹಿಡಿಯಲು ಶರೀರಚೇಷ್ಟೆಯು ಪ್ರಮಾಣವಾಯಿತು. ಮಾತನಾಡದವನ ಸತ್ಯವನ್ನು ತಿಳಿಯಲು ಅದು ಪ್ರಮಾಣವಾಗಲಿಲ್ಲ.

ಕನ್ನಡದ ಸನ್ನೆ ಎಂಬ ಪದವು ಸಂಸ್ಕೃತದ ಸಂಜ್ಞಾಶಬ್ದದ ತದ್ಭವ. ವೈಯಾಕರಣರಿಗೆ ಸಂಜ್ಞೆಯೆಂದರೆ ಹೆಸರು. ಲೋಕದಲ್ಲಿ ಅರಿವು, ಗುರುತು ಎಂಬ ಅರ್ಥಗಳೂ ಅದಕ್ಕುಂಟು. ಹೆಸರು, ಅರಿವು, ಕೈಯ ಗುರುತು ಈ ಮೂರನ್ನೂ ಒಂದೇ ಶಬ್ದವು ಹೊತ್ತು ತಂದಿದೆ. ಅನುಭಾವಿಗಳಾದರೋ ಹೇಳಲಾಗದ ಆನಂದಕ್ಕೆ ಮೂಕನು ಕಂಡ ಕನಸನ್ನು ಉಪಮಾನವಾಗಿ ಬಳಸುತ್ತ ಬಂದರು. ಉಪಮೆಯು ಸೊಗಸಾಗಿದೆ. ಆದರೆ ಮೂಕನು ತನ್ನ ಕನಸನ್ನು ಹೇಳಬಲ್ಲನು, ಎದುರಿನವನಿಗೆ ಕೈಯ ಮಾತು ತಿಳಿಯದಿರುವುದೇ ಕೊರತೆ ಎಂಬುದನ್ನು ಅದು ಮರೆಯಿಸುತ್ತದೆ.

೫. ಅರ್ವಾಚೀನ ನ್ಯಾಯವಿಧಾನ

ಪಾಶ್ಚಾತ್ಯರಲ್ಲಿಯೂ ಈ ಹಕ್ಕು ಸುಲಭವಾಗಿ ದೊರೆಯಲಿಲ್ಲ. ರೋಮನ್ ಚಕ್ರವರ್ತಿಯಾದ ಜಸ್ಟಿನಿಯನ್ನನು ೫೩೧ರಲ್ಲಿ ಹೊರಡಿಸಿದ ವಿಧಿಯಂತೆ, ಹುಟ್ಟಿನಿಂದಲೇ ಕಿವುಡಮೂಕನಾದವನು ಮರಣಶಾಸನವನ್ನು ಬರೆಯಿಸಲಾರನು. ನಡುವೆ ಹಾಗಾಗಿ, ಬರೆಯಬಲ್ಲವನಾದರೆ, ಬರಹದಿಂದ ವ್ಯವಹರಿಸಬಹುದು. ಬರಹವಿದ್ದರೆ ಹಕ್ಕು, ಬರಿಯ ಸನ್ನೆಯಾದರೆ ಇಲ್ಲ ಎಂಬ ಈ ತಾರತಮ್ಯವು ಬಹುಕಾಲ ಉಳಿಯಿತು. ಇಂಗ್ಲೆಂಡಿನಲ್ಲಿ ಹುಟ್ಟುಕಿವುಡಮೂಕನನ್ನು ಬುದ್ಧಿಹೀನನೆಂದೇ ಭಾವಿಸುವ ಪದ್ಧತಿಯು ಹಿಂದೆ ಇದ್ದಿತು. ೧೮೮೦ರಲ್ಲಿ ಮಿಲಾನ್ ನಗರದಲ್ಲಿ ಸೇರಿದ ಉಪಾಧ್ಯಾಯರ ಸಮ್ಮೇಲನವು, ಕಿವುಡರ ಶಾಲೆಗಳಲ್ಲಿ ಸನ್ನೆಯನ್ನು ಬಿಟ್ಟು ಬಾಯಿಮಾತನ್ನೇ ಕಲಿಸಬೇಕೆಂದು ನಿರ್ಣಯಿಸಿತು. ಅಲ್ಲಿ ಸೇರಿದ್ದವರು ಹೆಚ್ಚುಕಡಮೆ ಎಲ್ಲರೂ ಕಿವಿ ಕೇಳುವವರೇ. ೨೦೧೦ರಲ್ಲಿ ವ್ಯಾಂಕೂವರಿನಲ್ಲಿ ನಡೆದ ಅದೇ ಪರಂಪರೆಯ ಸಮ್ಮೇಲನವು ಆ ನಿರ್ಣಯಕ್ಕಾಗಿ ವಿಷಾದವನ್ನು ಸೂಚಿಸಿತು.

ಭಾರತದಲ್ಲಿ ೧೮೭೨ರ ಸಾಕ್ಷ್ಯಾಧಿನಿಯಮದ ೧೧೯ನೆಯ ಪ್ರಕರಣವು ಒಂದು ದೊಡ್ಡ ಹೆಜ್ಜೆಯೆನ್ನಬೇಕು. ಮಾತನಾಡಲಾರದ ಸಾಕ್ಷಿಯು ಬರಹದಿಂದಾಗಲಿ ಸನ್ನೆಗಳಿಂದಾಗಲಿ, ತಿಳಿಯುವಂತೆ ಮಾಡಬಲ್ಲ ಬೇರಾವ ರೀತಿಯಿಂದಾಗಲಿ ಸಾಕ್ಷ್ಯವನ್ನು ಕೊಡಬಹುದು; ಅದು ತೆರೆದ ನ್ಯಾಯಾಲಯದಲ್ಲಿಯೇ ನಡೆಯಬೇಕು; ಹಾಗೆ ಕೊಟ್ಟುದು ಬಾಯಿಮಾತಿನ ಸಾಕ್ಷ್ಯವೆಂದು ಭಾವಿಸಲ್ಪಡತಕ್ಕದ್ದು ಎಂದು ಅದು ವಿಧಿಸಿತು. ೧೮೮೫ರಲ್ಲಿ ಅಲಹಾಬಾದಿನ ಉಚ್ಚ ನ್ಯಾಯಾಲಯದ ಪೂರ್ಣಪೀಠವು ಅಬ್ದುಲ್ಲನ ಮೊಕದ್ದಮೆಯಲ್ಲಿ, ಕೊರಳು ಕೊಯ್ಯಲ್ಪಟ್ಟು ಮಾತನಾಡಲಾರದೆ ಮರಣೋನ್ಮುಖಳಾಗಿದ್ದ ಹೆಂಗಸು ಪ್ರಶ್ನೆಗಳಿಗೆ ಕೈಸನ್ನೆಯಿಂದ ಕೊಟ್ಟ ಉತ್ತರವನ್ನು ವಾಚಿಕವಾದ ಹೇಳಿಕೆಯೆಂದೇ ಸ್ವೀಕರಿಸಿತು.

ದಾಯಾಧಿಕಾರದಲ್ಲಿಯೂ ಬದಲಾವಣೆಯಾಯಿತು. ೧೯೨೮ರ ಶಾಸನವು, ಹುಟ್ಟುಹುಚ್ಚರನ್ನೂ ಹುಟ್ಟುಜಡರನ್ನೂ ಬಿಟ್ಟು, ಉಳಿದ ಅಂಗವಿಕಲರಿಗೆ ಮಿತಾಕ್ಷರೆಯು ನಡೆಯುವ ಬ್ರಿಟಿಷ್ ಇಂಡಿಯದ ಪ್ರಾಂತಗಳಲ್ಲಿ ಭಾಗವನ್ನು ಕೊಟ್ಟಿತು. ಚಂದ್ರಗುತ್ತಿಯು ಆಗ ಮೈಸೂರು ಸಂಸ್ಥಾನದಲ್ಲಿದ್ದುದರಿಂದ ಅದು ತಾನಾಗಿಯೇ ಇಲ್ಲಿಗೆ ಅನ್ವಯಿಸುವಂತಿರಲಿಲ್ಲ. ೧೯೫೬ರ ಹಿಂದೂ ಉತ್ತರಾಧಿಕಾರ ಅಧಿನಿಯಮದ ೨೮ನೆಯ ಪ್ರಕರಣವು ರೋಗ, ದೋಷ, ಅಂಗವೈಕಲ್ಯಗಳ ಕಾರಣದಿಂದ ಯಾರೂ ದಾಯಕ್ಕೆ ಅನರ್ಹರಲ್ಲವೆಂದು ಸಾರಿ ಹಳೆಯ ನಿಷೇಧವನ್ನು ಕೊನೆಗಾಣಿಸಿತು.

೬. ಗೌಣದಿಂದ ಮುಖ್ಯಕ್ಕೆ

೧೮೭೨ರ ಶಾಸನದಲ್ಲಿ ಸನ್ನೆಯು ಬಾಯಿಮಾತೆಂದು ಭಾವಿಸಲ್ಪಡತಕ್ಕದ್ದು ಎಂದಿರುವುದನ್ನು ಮೀಮಾಂಸಾದೃಷ್ಟಿಯಿಂದ ಪರಿಶೀಲಿಸಬೇಕು. ಇಲ್ಲಿ ಸನ್ನೆಯು ಮಾತೆಂಬುದು ಮುಖ್ಯಾರ್ಥವಲ್ಲ. ಬಾಲಕನನ್ನು ಸಿಂಹವೆಂದು ಕರೆಯುವಂತೆ ಗೌಣವಾದ ಆರೋಪ. ಗೌಣವು ಮುಖ್ಯಕ್ಕೆ ಎಡೆಮಾಡಿಕೊಡಲೇಬೇಕಾದುದರಿಂದ, ಮಾತಿಗೆ ಹತ್ತಿರವಾದ ಬರಹವು ದೊರೆತರೆ ಸನ್ನೆಯು ಹಿಂದೆ ಸರಿಯುತ್ತದೆ. ೨೦೧೨ರಲ್ಲಿ ಸರ್ವೋಚ್ಚ ನ್ಯಾಯಾಲಯವು ರಾಜಸ್ಥಾನ ರಾಜ್ಯ ವಿರುದ್ಧ ದರ್ಶನ್ ಸಿಂಗ್ ಎಂಬ ಮೊಕದ್ದಮೆಯಲ್ಲಿ, ಕಿವುಡಮೂಕನನ್ನು ಬುದ್ಧಿಹೀನನೆಂದು ಭಾವಿಸಿದ ಹಳೆಯ ಮತವನ್ನು ತಿರಸ್ಕರಿಸಿ, ಅವನು ಸಾಕ್ಷಿಯಾಗಲು ಅರ್ಹನೆಂದು ಸ್ಪಷ್ಟಪಡಿಸಿತು. ಆದರೆ ಓದುಬರಹ ಬಲ್ಲವನಾದರೆ ಸನ್ನೆಗಿಂತ ಬರಹವೇ ತೃಪ್ತಿಕರವೆಂದೂ ಹೇಳಿತು. ದುಭಾಷಿಗೆ ಪ್ರಮಾಣವಚನವನ್ನು ಬೋಧಿಸಬೇಕು, ಅವನು ಸಾಕ್ಷಿಯ ಪರಿಸರದವನೇ ಆಗಿದ್ದರೂ ವ್ಯಾಜ್ಯದಲ್ಲಿ ಸ್ವಾರ್ಥವಿಲ್ಲದವನಾಗಿರಬೇಕು, ಸನ್ನೆಯ ಅರ್ಥವನ್ನು ಮಾತ್ರವಲ್ಲದೆ ಸನ್ನೆಗಳನ್ನೇ ದಾಖಲುಮಾಡಬೇಕು ಎಂಬ ನಿಯಮಗಳನ್ನೂ ಹೇಳಿತು. ಪ್ರತಿನಿಧಿಗೂ ದುಭಾಷಿಗೂ ಇರುವ ಭೇದವು ಇಲ್ಲಿ ವಿಶದವಾಗಿದೆ. ೨೦೧೩ರ ತಿದ್ದುಪಡಿಯು ದುಭಾಷಿಯ ಅಥವಾ ವಿಶೇಷ ಶಿಕ್ಷಕನ ಸಹಾಯವನ್ನೂ ಹೇಳಿಕೆಯ ಚಲಚ್ಚಿತ್ರಣವನ್ನೂ ಕಡ್ಡಾಯಮಾಡಿತು. ೨೦೨೪ರ ಜುಲೈ ೧ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮ, ೨೦೨೩ರ ೧೨೫ನೆಯ ಪ್ರಕರಣದಲ್ಲಿ ಇದೇ ವಿಧಿಯು ಮುಂದುವರಿದಿದೆ.

ಇಷ್ಟರಲ್ಲಿ ಮತ್ತೊಂದು ಪ್ರವಾಹವು ಬಂದು ಕೂಡಿತು. ಸಂಯುಕ್ತ ರಾಷ್ಟ್ರಗಳ ೨೦೦೬ರ ಅಂಗವಿಕಲರ ಹಕ್ಕುಗಳ ಒಡಂಬಡಿಕೆಯು ಭಾಷೆಯೆಂಬ ಶಬ್ದದಲ್ಲಿಯೇ ಆಡುವ ಭಾಷೆಗಳೊಡನೆ ಸನ್ನೆಯ ಭಾಷೆಗಳನ್ನೂ ಸೇರಿಸಿತು. ತಾವು ಆರಿಸಿಕೊಂಡ ರೀತಿಯಲ್ಲಿ ವಿಚಾರವಿನಿಮಯ ಮಾಡುವ ಸ್ವಾತಂತ್ರ್ಯವನ್ನು ಹಕ್ಕೆಂದು ಹೇಳಿತು. ಭಾರತವು ಇದನ್ನು ೨೦೦೭ರಲ್ಲಿ ಅನುಮೋದಿಸಿತು. ಅದನ್ನನುಸರಿಸಿದ ೨೦೧೬ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಅಧಿನಿಯಮದ ೧೨ನೆಯ ಪ್ರಕರಣವು, ಅಂಗವಿಕಲರ ಸಾಕ್ಷ್ಯ, ವಾದ, ಅಭಿಪ್ರಾಯಗಳನ್ನು ಅವರು ಇಷ್ಟಪಟ್ಟ ಭಾಷೆಯಲ್ಲಿ, ಇಷ್ಟಪಟ್ಟ ಸಾಧನದಿಂದ ದಾಖಲುಮಾಡಲು ಬೇಕಾದ ಸೌಕರ್ಯಗಳನ್ನು ಸರ್ಕಾರವು ಒದಗಿಸಬೇಕೆಂದು ವಿಧಿಸುತ್ತದೆ. ಇಲ್ಲಿ ಸನ್ನೆಯು ಆರೋಪಿತವಾದ ಮಾತಲ್ಲ, ಮುಖ್ಯವೃತ್ತಿಯಿಂದಲೇ ಭಾಷೆ. ಆದುದರಿಂದ ಬರೆಯಬಲ್ಲವನಾಗಿದ್ದರೂ ಸನ್ನೆಯಲ್ಲಿಯೇ ಹೇಳುವೆನೆಂಬವನನ್ನು ಬರಹಕ್ಕೆ ಒತ್ತಾಯಿಸುವುದು ಈ ವಿಧಿಯ ತಾತ್ಪರ್ಯಕ್ಕೆ ವಿರುದ್ಧವೆಂದೇ ಹೇಳಬೇಕು. ವಿಶೇಷವಿಧಿಯು ಸಾಮಾನ್ಯವಿಧಿಯನ್ನು ಬಾಧಿಸುತ್ತದೆಂಬ ನ್ಯಾಯವು ಶಾಸ್ತ್ರಜ್ಞರಿಗೆ ಹೊಸದಲ್ಲ.

ಈ ತತ್ತ್ವವು ಕರ್ಣಾಟಕದಲ್ಲಿಯೇ ಪ್ರತ್ಯಕ್ಷವಾದುದನ್ನು ಇಲ್ಲಿ ಸ್ಮರಿಸಬೇಕು. ಕಿವಿ ಕೇಳದ ನ್ಯಾಯವಾದಿಯಾದ ಸಾರಾ ಸನ್ನಿಯವರು ೨೦೨೩ರ ಸೆಪ್ಟೆಂಬರಿನಲ್ಲಿ ಸರ್ವೋಚ್ಚ ನ್ಯಾಯಾಲಯದಲ್ಲಿ ಸನ್ನೆಯ ದುಭಾಷಿಯೊಡನೆ ಹಾಜರಾದರು. ೨೦೨೪ರ ಏಪ್ರಿಲ್ ೮ರಂದು ಕರ್ಣಾಟಕ ಉಚ್ಚ ನ್ಯಾಯಾಲಯದಲ್ಲಿ ನ್ಯಾಯಮೂರ್ತಿ ಎಂ. ನಾಗಪ್ರಸನ್ನರವರ ಮುಂದೆ ಸನ್ನೆಯ ಭಾಷೆಯಲ್ಲಿಯೇ ವಾದವನ್ನು ಮಂಡಿಸಿದರು. ಇನ್ನೊಬ್ಬರು ಪರವಾಗಿ ಮಾತನಾಡಬೇಕೆಂದು ಸ್ಮೃತಿಗಳು ಯಾರ ವಿಷಯದಲ್ಲಿ ಭಾವಿಸಿದ್ದುವೋ, ಅಂತಹವರೇ ಇನ್ನೊಬ್ಬರ ಪರವಾಗಿ ವಾದಿಸುವಂತಾಯಿತು.

೭. ಉಳಿದಿರುವ ಪ್ರಶ್ನೆ

ಆದರೂ ನಗರದ ಉಚ್ಚ ನ್ಯಾಯಾಲಯದ ಸ್ಥಿತಿಯು ಬೇರೆ, ಚಂದ್ರಗುತ್ತಿಯಂತಹ ಗ್ರಾಮಸೀಮೆಯ ಸ್ಥಿತಿಯು ಬೇರೆ. ಭಾರತೀಯ ಸನ್ನೆಯ ಭಾಷೆಯ ಸಂಶೋಧನೆಗೂ ಶಿಕ್ಷಣಕ್ಕೂ ದೆಹಲಿಯಲ್ಲಿ ೨೦೧೫ರಲ್ಲಿ ಒಂದು ಕೇಂದ್ರವು ಸ್ಥಾಪಿತವಾಗಿದೆ, ನಿಘಂಟುಗಳೂ ಸಿದ್ಧವಾಗಿವೆ. ಆದರೆ ಶಾಲೆಯನ್ನೇ ಕಾಣದ, ಬರಹವನ್ನೂ ಅರಿಯದ ಹಳ್ಳಿಯ ಕಿವುಡರು ಮನೆಯವರೊಡನೆಯೂ ನೆರೆಯವರೊಡನೆಯೂ ತಾವೇ ಕಲ್ಪಿಸಿಕೊಂಡ ಸನ್ನೆಗಳಿಂದ ವ್ಯವಹರಿಸುತ್ತಾರೆ. ಗದ್ದೆಯ ಕೆಲಸ, ದನಕರು, ಜಾತ್ರೆ, ನಂಟರ ಗುರುತು ಇವೆಲ್ಲಕ್ಕೂ ಅವರಲ್ಲಿ ಸನ್ನೆಗಳಿರುತ್ತವೆ. ನಿಘಂಟಿನ ಸನ್ನೆಯನ್ನು ಕಲಿತ ದುಭಾಷಿಗೆ ಇವು ತಿಳಿಯುವುದಿಲ್ಲ. ಇವನ್ನು ಬಲ್ಲವರು ಮನೆಯವರೇ. ಆದರೆ ಭೂಮಿಯ ವಿಭಾಗದಂತಹ ವ್ಯಾಜ್ಯಗಳಲ್ಲಿ ಮನೆಯವರೇ ಎದುರು ಪಕ್ಷದವರು. ಇಷ್ಟಪಟ್ಟ ಸಾಧನವೆಂಬ ಶಾಸನದ ಮಾತು ಇಂತಹವರ ವಿಷಯದಲ್ಲಿ ಸಾರ್ಥಕವಾಗಬೇಕಾದರೆ, ಅವರ ಪರಿಸರದ ಸನ್ನೆಯನ್ನು ಬಲ್ಲ, ಸ್ವಾರ್ಥವಿಲ್ಲದ ದುಭಾಷಿಗಳು ತಾಲ್ಲೂಕು ತಾಲ್ಲೂಕಿನಲ್ಲಿಯೂ ದೊರೆಯಬೇಕು; ಇಲ್ಲವಾದರೆ ಪ್ರಾಚೀನ ಪ್ರತಿನಿಧಿಯೇ ದುಭಾಷಿಯೆಂಬ ಹೊಸ ಹೆಸರಿನಿಂದ ಹಿಂದಿರುಗಿದಂತಾಗುವುದು.

ಇದರಲ್ಲಿ ಭಾಷಾವಿದ್ವಾಂಸರಿಗೂ ಕರ್ತವ್ಯವಿದೆ. ಬನವಾಸಿ ಸೀಮೆಯ ಆಡುಮಾತುಗಳನ್ನೂ ಹಾಡುಗಾದೆಗಳನ್ನೂ ಅವರು ಆದರದಿಂದ ಸಂಗ್ರಹಿಸುತ್ತ ಬಂದಿದ್ದಾರೆ. ಅದೇ ಊರುಗಳ ಕಿವುಡರ ಸನ್ನೆಗಳೂ ನಾಡಿನ ಭಾಷಾಸಂಪತ್ತಿಗೆ ಸೇರಿದವುಗಳೇ. ಅವುಗಳನ್ನು ಬಲ್ಲವರಿಂದಲೇ, ಅವರ ಒಪ್ಪಿಗೆಯಿಂದ, ಊರೂರಿನ ಭೇದಸಹಿತವಾಗಿ ಸಂಗ್ರಹಿಸಿ ವಿವರಿಸಿದರೆ ಭಾಷಾಶಾಸ್ತ್ರಕ್ಕೂ ನ್ಯಾಯಸ್ಥಾನಕ್ಕೂ ಏಕಕಾಲದಲ್ಲಿ ಉಪಕಾರವಾಗುವುದು. ೧೧೬೨ರಲ್ಲಿ ಬಳ್ಳಿಗಾವೆಯ ಶಿಲೆಯು ಕಿವುಡನಿಗೆ ಅನ್ನವುಂಟೆಂದು ಹೇಳಿತು. ಅವನು ಹೇಳುವುದನ್ನು ಅವನ ರೀತಿಯಲ್ಲಿಯೇ ಕೇಳತಕ್ಕದ್ದೆಂದು ೨೦೧೬ರ ಶಾಸನವು ಹೇಳಿದೆ. ಈ ಎರಡನೆಯ ಮಾತನ್ನು ಸೊರಬ ಶಿಕಾರಿಪುರಗಳ ನ್ಯಾಯಸ್ಥಾನಗಳಲ್ಲಿ ನಿತ್ಯವ್ಯವಹಾರವಾಗಿ ಮಾಡುವ ಕಾರ್ಯವು ಇನ್ನೂ ಉಳಿದಿದೆ.